ಚೆಂಡು ಕೈಯಲ್ಲಿದ್ದರೆ ಓಡುವಂತಿಲ್ಲ! ಬಾಸ್ಕೆಟ್‌ಬಾಲ್ ಆಟದ ನಿಯಮಗಳು ಮತ್ತು ಕೌಶಲಗಳು



ಹೊರಗೆ ಹಿಮ ಬೀಳತೊಡಗಿತೆಂದರೆ ಇಲ್ಲಿ ಬಾಸ್ಕೆಟ್‌ಬಾಲ್ ಕಾಲ ಶುರುವಾಯಿತೆಂದೇ ಅರ್ಥ. ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲೂ ಹಲವರು ವಾರಾಂತ್ಯದ ಪಂದ್ಯ ಮುಗಿಸಿ, ಅದೇ ಜೆರ್ಸಿಯಲ್ಲಿ ತರಗತಿಗೆ ಓಡಿಬರುತ್ತಾರೆ. ಅಪ್ಪ ಅಮ್ಮಂದಿರು ಜಿಮ್‌ನ ಮೆಟ್ಟಿಲುಗಳ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕ್ರಿಕೆಟ್ ಆದರೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್‌ಬಿಡಬ್ಲ್ಯು ಆಯಿತೋ ಇಲ್ಲವೋ ಎಂದು ಟಿವಿ ಮುಂದೆ ಕುಳಿತೇ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಬಾಸ್ಕೆಟ್‌ಬಾಲ್‌ನಲ್ಲಿ ರೆಫರಿ ಸೀಟಿ ಊದಿದಾಗ ಪಕ್ಕದವರನ್ನು ಕೇಳಬೇಕಾಗುತ್ತದೆ: "ಈಗ ಯಾಕೆ ನಿಲ್ಲಿಸಿದರು?"

ದೊಡ್ಡವರಿಗೆ ಗೊತ್ತಾಗದಿದ್ದರೆ ಅಂಥ ನಷ್ಟವೇನಿಲ್ಲ. ಆದರೆ ಮೊದಲ ವರ್ಷ ಆಡುವ ಮಗುವಿಗೆ ಅದೇ ದೊಡ್ಡ ವಿಷಯ. ಎರಡು ಸಲ ಸೀಟಿ ಊದಿಸಿಕೊಂಡ ಮಗು ಮೂರನೆಯ ಸಲ "ಚೆಂಡು ನನ್ನ ಕಡೆ ಬಾರದಿದ್ದರೆ ಸಾಕು" ಎಂದುಕೊಂಡು ಮೂಲೆಗೆ ಸರಿಯುತ್ತದೆ. ತಾನು ಮಾಡಿದ ತಪ್ಪೇನು ಎಂದು ತಿಳಿದರೆ ಈ ಹೆದರಿಕೆ ಬಹುಬೇಗ ಹೋಗುತ್ತದೆ. ಅದಕ್ಕಾಗಿ ಈ ತಿಂಗಳು ಬಾಸ್ಕೆಟ್‌ಬಾಲ್‌ನ ನಿಯಮಗಳನ್ನು, ಅವುಗಳ ಹಿಂದಿರುವ ಕಾರಣದ ಜೊತೆಗೇ ತಿಳಿದುಕೊಳ್ಳೋಣ. ಕಾರಣ ಗೊತ್ತಾದರೆ ನಿಯಮವನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಹಣ್ಣಿನ ಬುಟ್ಟಿಯಿಂದ ಹುಟ್ಟಿದ ಆಟ

ಫುಟ್‌ಬಾಲ್ ಅಥವಾ ಹಾಕಿಯನ್ನು ಕಂಡುಹಿಡಿದವರು ಇಂಥವರೇ ಎಂದು ಬೆರಳು ಮಾಡಿ ತೋರಿಸುವುದು ಕಷ್ಟ. ಬಾಸ್ಕೆಟ್‌ಬಾಲ್ ಹಾಗಲ್ಲ. ಇದನ್ನು ಒಬ್ಬ ಮೇಷ್ಟ್ರು ಒಂದು ಚಳಿಗಾಲದಲ್ಲಿ ಕುಳಿತು ಯೋಚಿಸಿ ರೂಪಿಸಿದರು. ಅವರ ಹೆಸರು ಜೇಮ್ಸ್ ನೈಸ್ಮಿತ್. ಹುಟ್ಟಿದ್ದು ಕೆನಡಾದಲ್ಲಿ, ಪಾಠ ಹೇಳುತ್ತಿದ್ದುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ.

1891ರ ಚಳಿಗಾಲ. ಹೊರಗೆ ಆಡಲು ಆಗದೆ, ಒಳಗಿನ ಕಸರತ್ತಿನಲ್ಲಿ ಮನಸ್ಸಿಲ್ಲದೆ 18 ಮಂದಿ ವಿದ್ಯಾರ್ಥಿಗಳು ಬೇಸತ್ತು ಕುಳಿತಿದ್ದರು. ಜಿಮ್‌ನ ಒಳಗೆ ಆಡಬಹುದಾದ ಹೊಸ ಆಟವೊಂದನ್ನು ಎರಡು ವಾರದೊಳಗೆ ತಯಾರಿಸುವಂತೆ ಶಾಲೆಯ ಮುಖ್ಯಸ್ಥರಲ್ಲಿ ಒಬ್ಬರಾದ ಲೂಥರ್ ಗುಲಿಕ್ ನೈಸ್ಮಿತ್‌ಗೆ ಹೇಳಿದರು. ಹೊರಾಂಗಣದ ಆಟಗಳನ್ನೇ ಒಳಗೆ ಆಡಿಸಿ ನೋಡಿದರೆ ಗಟ್ಟಿ ನೆಲದ ಮೇಲೆ ಬಿದ್ದು ಪೆಟ್ಟಾಗುತ್ತಿತ್ತು. ಹುಡುಗರು ಒಬ್ಬರನ್ನೊಬ್ಬರು ಕೆಡವುವುದು ಯಾಕೆ ಎಂದು ಅವರು ಯೋಚಿಸಿದರು. ಚೆಂಡು ಹಿಡಿದು ಓಡುವವನನ್ನು ನಿಲ್ಲಿಸಲು ಬೇರೆ ದಾರಿಯಿಲ್ಲದ್ದರಿಂದ ಕೆಡವುತ್ತಾರೆ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು ಎಂದರೆ? ಆಗ ಅವನನ್ನು ಕೆಡವುವ ಅಗತ್ಯವೇ ಬರುವುದಿಲ್ಲ. ಅವನು ಚೆಂಡನ್ನು ಇನ್ನೊಬ್ಬರಿಗೆ ಕೊಡಲೇಬೇಕು.

ಎರಡನೆಯ ಯೋಚನೆ ಗುರಿಯ ಬಗ್ಗೆ. ಗುರಿ ಎದುರಿಗಿದ್ದರೆ ಬಲವಾಗಿ ಬೀಸಿ ಎಸೆಯುತ್ತಾರೆ. ಅದೇ ತಲೆಯ ಮೇಲೆ ಎತ್ತರದಲ್ಲಿ, ಬಾಯಿ ಮೇಲಕ್ಕೆ ತೆರೆದುಕೊಂಡಿದ್ದರೆ, ಚೆಂಡನ್ನು ಮೆಲ್ಲಗೆ ಮೇಲಕ್ಕೆ ತೂರಬೇಕಾಗುತ್ತದೆ. ಬಲಕ್ಕಿಂತ ಜಾಣತನ ಬೇಕಾಗುತ್ತದೆ. ನೈಸ್ಮಿತ್ ಎರಡು ಪೆಟ್ಟಿಗೆ ಕೇಳಿದಾಗ ಶಾಲೆಯ ಕೆಲಸಗಾರರ ಬಳಿ ಸಿಕ್ಕಿದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳು. ಅವನ್ನು ಜಿಮ್‌ನ ಉಪ್ಪರಿಗೆಯ ಕಂಬಿಗೆ ಹೊಡೆದು ನಿಲ್ಲಿಸಿದರು. ಆ ಕಂಬಿ ಇದ್ದ ಎತ್ತರ 10 ಅಡಿ. ಇಂದಿಗೂ ರಿಂಗಿನ ಎತ್ತರ 10 ಅಡಿಯೇ, ಅಂದರೆ 3.05 ಮೀಟರ್.

13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, 9 ಜನರ ಎರಡು ತಂಡ ಮಾಡಿ, ಫುಟ್‌ಬಾಲ್ ಚೆಂಡನ್ನೇ ಕೊಟ್ಟು ಮೊದಲ ಪಂದ್ಯ ಆಡಿಸಿದರು. ಇಡೀ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಬುಟ್ಟಿಗೆ ತಳ ಇದ್ದುದರಿಂದ ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕಿತ್ತು!

ಮರುವರ್ಷವೇ, 1892ರಲ್ಲಿ, ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ತಮ್ಮ ವಿದ್ಯಾರ್ಥಿನಿಯರಿಗೆ ಈ ಆಟವನ್ನು ಕಲಿಸಿದರು. ಹೆಣ್ಣುಮಕ್ಕಳೂ ಇದನ್ನು ಹೆಚ್ಚುಕಡಿಮೆ ಮೊದಲ ದಿನದಿಂದಲೇ ಆಡುತ್ತ ಬಂದಿದ್ದಾರೆ. ಒಲಿಂಪಿಕ್ಸ್ ಮಾತ್ರ ತಡಮಾಡಿತು. ಅಲ್ಲಿ ಪುರುಷರ ಪಂದ್ಯಗಳು 1936ರಲ್ಲಿ ಶುರುವಾದರೆ, ಮಹಿಳೆಯರ ಪಂದ್ಯಗಳು ಬಂದದ್ದು 1976ರಲ್ಲಿ.

ಅಂಕಣ, ಚೆಂಡು, ಅಂಕ

ಈಗ ಒಂದು ತಂಡದಿಂದ ಅಂಕಣದಲ್ಲಿ ಆಡುವವರು 5 ಜನ. ಉಳಿದವರು ಬೆಂಚಿನಲ್ಲಿದ್ದು ಸರದಿಯಂತೆ ಒಳಗೆ ಬರುತ್ತಾರೆ. ಅಂತರರಾಷ್ಟ್ರೀಯ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಪಂದ್ಯಕ್ಕೆ ನಾಲ್ಕು ಭಾಗಗಳು. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದೊಂದು ಭಾಗ 10 ನಿಮಿಷ, ಎನ್‌ಬಿಎಯಲ್ಲಿ 12 ನಿಮಿಷ, ಅಮೆರಿಕದ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ 8 ನಿಮಿಷ. ಚಿಕ್ಕ ಮಕ್ಕಳ ಲೀಗ್‌ಗಳು ತಮಗೆ ಬೇಕಾದಂತೆ ಸಮಯ ಇಟ್ಟುಕೊಳ್ಳುತ್ತವೆ.

ಮೂರು ಅಂಕದ ಗೆರೆಯ ಒಳಗಿನಿಂದ ಹಾಕಿದ ಬಾಸ್ಕೆಟ್‌ಗೆ 2 ಅಂಕ, ಗೆರೆಯ ಹೊರಗಿನಿಂದ ಹಾಕಿದ್ದಕ್ಕೆ 3 ಅಂಕ. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋಗೆ 1 ಅಂಕ. ಫ್ರೀ ಥ್ರೋ ಗೆರೆ ಬೋರ್ಡಿನಿಂದ 15 ಅಡಿ ದೂರದಲ್ಲಿರುತ್ತದೆ. ಅಲ್ಲಿ ನಿಂತು ಎಸೆಯುವಾಗ ಯಾರೂ ಅಡ್ಡ ಬರುವಂತಿಲ್ಲ.

ಪೋಷಕರೇ, ಚೆಂಡು ಕೊಳ್ಳುವಾಗ ಅದರ ಮೇಲಿನ ಅಂಕಿ ನೋಡಿ. 7 ಎಂದಿದ್ದರೆ ದೊಡ್ಡ ಹುಡುಗರು ಮತ್ತು ಪುರುಷರಿಗೆ, 6 ಎಂದಿದ್ದರೆ ದೊಡ್ಡ ಹುಡುಗಿಯರು ಮತ್ತು ಮಹಿಳೆಯರಿಗೆ, 5 ಎಂದಿದ್ದರೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ. "ಮುಂದೆಯೂ ಬರುತ್ತದೆ" ಎಂದು ಬಟ್ಟೆ ಕೊಂಡ ಹಾಗೆ ದೊಡ್ಡ ಚೆಂಡು ಕೊಂಡರೆ ಮಗು ಎರಡೂ ಕೈಯಿಂದ ಅದನ್ನು ತಳ್ಳುವ ಅಭ್ಯಾಸ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಹೆಜ್ಜೆಯ ನಿಯಮಗಳು

ಹೊಸ ಆಟಗಾರರಿಗೆ ಹೆಚ್ಚು ಸೀಟಿ ಊದುವುದು ಇಲ್ಲಿಯೇ. ಚೆಂಡು ಹಿಡಿದು ಓಡಬಾರದು ಎಂಬ ನೈಸ್ಮಿತ್‌ರ ಮಾತನ್ನು ನೆನಪಿಟ್ಟುಕೊಂಡರೆ ಎಲ್ಲವೂ ಸುಲಭ.

ಮೊದಮೊದಲು ಚೆಂಡು ಹಿಡಿದವರು ನಿಂತಲ್ಲೇ ನಿಂತು ಪಾಸ್ ಮಾಡಬೇಕಿತ್ತು. ಎದುರಾಳಿಗಳು ಸುತ್ತುವರಿದಾಗ ಕೆಲವರು ಚೆಂಡನ್ನು ನೆಲಕ್ಕೆ ಪುಟಿಸಿ, ಮುಂದೆ ಹೋಗಿ ತಾವೇ ಹಿಡಿದುಕೊಂಡರು. ತನಗೆ ತಾನೇ ಪಾಸ್ ಕೊಟ್ಟುಕೊಂಡ ಹಾಗೆ! ಆಟಗಾರರ ಈ ಉಪಾಯವೇ ಬೆಳೆದು ಡ್ರಿಬ್ಲಿಂಗ್ ಆಯಿತು. ಆದ್ದರಿಂದ ಚೆಂಡನ್ನು ಪುಟಿಸುತ್ತಾ ಎಷ್ಟು ಬೇಕಾದರೂ ಓಡಬಹುದು. ಪುಟಿಸದೆ ಕೈಯಲ್ಲಿ ಹಿಡಿದು ಹೆಜ್ಜೆ ಇಡುತ್ತಾ ಹೋದರೆ ಅದು ಟ್ರಾವೆಲಿಂಗ್. ಓಡುತ್ತಿರುವಾಗ ಚೆಂಡು ಹಿಡಿದರೆ ಎರಡು ಹೆಜ್ಜೆಯೊಳಗೆ ನಿಲ್ಲಬೇಕು, ಇಲ್ಲವೇ ಪಾಸ್ ಅಥವಾ ಶಾಟ್ ಮಾಡಬೇಕು.

ನಿಂತಿರುವಾಗ ಒಂದು ಕಾಲನ್ನು ನೆಲಕ್ಕೆ ಮೊಳೆ ಹೊಡೆದಂತೆ ಇಟ್ಟು, ಇನ್ನೊಂದು ಕಾಲಿನಿಂದ ಯಾವ ದಿಕ್ಕಿಗೆ ಬೇಕಾದರೂ ತಿರುಗಬಹುದು. ಇದಕ್ಕೆ ಪಿವಟ್ ಎನ್ನುತ್ತಾರೆ. ಜಾಮಿಟ್ರಿ ಪೆಟ್ಟಿಗೆಯ ಕೈವಾರ ನೋಡಿದ್ದೀರಲ್ಲ? ಒಂದು ಕಾಲು ಚುಚ್ಚಿ ನಿಂತಿರುತ್ತದೆ, ಇನ್ನೊಂದು ಸುತ್ತುತ್ತದೆ. ಇದೂ ಹಾಗೆಯೇ.

ಇನ್ನೊಂದು ತಪ್ಪು ಡಬಲ್ ಡ್ರಿಬಲ್. ಪುಟಿಸುತ್ತಾ ಬಂದವರು ಒಮ್ಮೆ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡರೆ ಮತ್ತೆ ಪುಟಿಸುವಂತಿಲ್ಲ. ಎರಡೂ ಕೈಯಿಂದ ಒಟ್ಟಿಗೆ ಪುಟಿಸುವಂತೆಯೂ ಇಲ್ಲ. ಇದರ ಕಾರಣವೂ ಅದೇ: ಬೇಕಾದಾಗ ಹಿಡಿದು, ಬೇಕಾದಾಗ ಪುಟಿಸುತ್ತಾ ಹೋಗಬಹುದಾದರೆ ಒಬ್ಬರೇ ಇಡೀ ಆಟ ಆಡಿಬಿಡಬಹುದು, ಉಳಿದ ನಾಲ್ವರಿಗೆ ಕೆಲಸವೇ ಇರುವುದಿಲ್ಲ.

ಈ ತಪ್ಪುಗಳಿಗೆ ದೊಡ್ಡ ಶಿಕ್ಷೆಯೇನೂ ಇಲ್ಲ. ಚೆಂಡು ಎದುರು ತಂಡಕ್ಕೆ ಹೋಗುತ್ತದೆ, ಅಷ್ಟೇ. ಅಳಬೇಕಾಗಿಲ್ಲ, ತಕ್ಷಣ ಹಿಂದೆ ಓಡಿ ನಿಮ್ಮ ಬುಟ್ಟಿಯನ್ನು ಕಾಯಿರಿ.

ಕಬಡ್ಡಿಗೆ ತಿರುಗುಮುರುಗು

ಕಬಡ್ಡಿಯಲ್ಲಿ ಎದುರಾಳಿಯನ್ನು ಹಿಡಿದು ಕೆಡವಿದರೆ ಅಂಕ ಸಿಗುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಹಿಡಿದರೆ, ತಳ್ಳಿದರೆ, ಕೈಗೆ ಹೊಡೆದರೆ, ಕಾಲು ಅಡ್ಡ ಕೊಟ್ಟರೆ ಫೌಲ್. ಶಾಟ್ ಎಸೆಯುತ್ತಿರುವವರ ಮೇಲೆ ಫೌಲ್ ಮಾಡಿದರೆ, ಚೆಂಡು ಒಳಗೆ ಹೋಗದಿದ್ದ ಪಕ್ಷದಲ್ಲಿ ಅವರಿಗೆ 2 ಫ್ರೀ ಥ್ರೋ. ಮೂರು ಅಂಕದ ಶಾಟ್ ಆಗಿದ್ದರೆ 3. ಫೌಲ್ ಆದರೂ ಚೆಂಡು ಒಳಗೆ ಬಿದ್ದರೆ ಆ ಅಂಕದ ಜೊತೆಗೆ ಇನ್ನೊಂದು ಫ್ರೀ ಥ್ರೋ ಸಿಗುತ್ತದೆ. ಒಬ್ಬ ಆಟಗಾರನಿಗೆ 5 ಫೌಲ್ ಆದರೆ ಆ ಪಂದ್ಯದಲ್ಲಿ ಅವನ ಆಟ ಮುಗಿಯಿತು. ಎನ್‌ಬಿಎಯಲ್ಲಿ ಈ ಮಿತಿ 6.

ಹಾಗಾದರೆ ಮುಟ್ಟದೆ ತಡೆಯುವುದು ಹೇಗೆ? ಮೊದಲೇ ಹೋಗಿ ದಾರಿಯಲ್ಲಿ ನಿಲ್ಲುವುದರಿಂದ. ನೀವು ಮೊದಲೇ ಬಂದು ಸರಿಯಾಗಿ ನಿಂತಿದ್ದು, ಎದುರಾಳಿ ಬಂದು ನಿಮ್ಮ ಎದೆಗೆ ಗುದ್ದಿದರೆ ತಪ್ಪು ಅವರದೇ. ಕಾಲು ಚುರುಕಾಗಿರುವವರಿಗೆ ಕೈ ಹಾಕುವ ಅಗತ್ಯ ಬೀಳುವುದಿಲ್ಲ.

ಗಡಿಯಾರದ ಲೆಕ್ಕ

ಒಂದು ಕಾಲದಲ್ಲಿ ಮುಂದಿದ್ದ ತಂಡ ಶಾಟ್ ಎಸೆಯದೆ ಚೆಂಡನ್ನು ತನ್ನಲ್ಲೇ ಸುತ್ತಿಸುತ್ತಾ ಸಮಯ ಕಳೆಯುತ್ತಿತ್ತು. 1950ರ ಎನ್‌ಬಿಎ ಪಂದ್ಯವೊಂದರಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19–18 ಅಂಕಗಳಿಂದ! ಟಿಕೆಟ್ ಕೊಂಡು ಬಂದ ಜನ ಬೇಸರಗೊಳ್ಳದೆ ಇರುತ್ತಾರೆಯೇ?

ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಒಂದು ಸರಳ ಲೆಕ್ಕ ಹಾಕಿದರು. ಮಕ್ಕಳೇ, ನೀವೂ ಹಾಕಿ ನೋಡಿ. ಪಂದ್ಯ 48 ನಿಮಿಷ, ಅಂದರೆ 2880 ಸೆಕೆಂಡು. ಸೊಗಸಾದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಎಸೆಯುತ್ತವೆ. 2880ನ್ನು 120ರಿಂದ ಭಾಗಿಸಿದರೆ 24. ಹೀಗೆ 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಅಷ್ಟರೊಳಗೆ ಶಾಟ್ ಎಸೆಯದಿದ್ದರೆ ಚೆಂಡು ಎದುರು ತಂಡಕ್ಕೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಈಗ 24 ಸೆಕೆಂಡೇ. ಮಕ್ಕಳ ಪಂದ್ಯಗಳಲ್ಲಿ ಈ ಗಡಿಯಾರ ಇಡದೆ ಆಡಿಸುವುದೂ ಉಂಟು.

ಇನ್ನೊಂದು ಸಮಯದ ನಿಯಮ 3 ಸೆಕೆಂಡಿನದು. ಎದುರಾಳಿಯ ಬುಟ್ಟಿಯ ಕೆಳಗಿರುವ ಆಯತದೊಳಗೆ, ನಿಮ್ಮ ತಂಡದ ಬಳಿ ಚೆಂಡಿರುವಾಗ, 3 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಎತ್ತರದ ಆಟಗಾರರು ಅಲ್ಲಿಯೇ ಠಿಕಾಣಿ ಹೂಡಿಬಿಟ್ಟರೆ ಉಳಿದವರಿಗೆ ಆಡಲು ಏನು ಉಳಿಯುತ್ತದೆ?

ಕೈಗೆ ಬರಬೇಕಾದ ಆರು ಕೆಲಸಗಳು

ಪುಟಿಸುವುದು: ಚೆಂಡನ್ನು ಅಂಗೈಯಿಂದ ಬಡಿಯಬೇಡಿ, ಬೆರಳುಗಳಿಂದ ಒತ್ತಿರಿ. ಮಂಡಿ ಸ್ವಲ್ಪ ಬಗ್ಗಿರಲಿ, ಚೆಂಡು ಸೊಂಟಕ್ಕಿಂತ ಮೇಲೆ ಬರದಿರಲಿ. ಕಣ್ಣು ಚೆಂಡಿನ ಮೇಲಲ್ಲ, ಎದುರಿಗೆ. ಎದುರು ನೋಡದವರಿಗೆ ಖಾಲಿ ನಿಂತ ಗೆಳೆಯ ಕಾಣುವುದಿಲ್ಲ. ಬಲಗೈಯಲ್ಲಿ ಎಷ್ಟು ಸಲ ಪುಟಿಸುತ್ತೀರೋ ಎಡಗೈಯಲ್ಲೂ ಅಷ್ಟೇ ಸಲ ಪುಟಿಸಿ.

ಪಾಸ್ ಕೊಡುವುದು: ಎದೆಯಿಂದ ಎದೆಗೆ ನೇರವಾಗಿ ಕೊಡುವುದು ಚೆಸ್ಟ್ ಪಾಸ್, ಎರಡೂ ಕೈಯಿಂದ ತಳ್ಳಿದ ಮೇಲೆ ಹೆಬ್ಬೆರಳುಗಳು ನೆಲದ ಕಡೆ ತಿರುಗಿರಬೇಕು. ನಡುವೆ ಎದುರಾಳಿ ಇದ್ದರೆ ಬೌನ್ಸ್ ಪಾಸ್. ಇಬ್ಬರ ನಡುವಿನ ದೂರದಲ್ಲಿ ಮೂರರಲ್ಲಿ ಎರಡು ಪಾಲು ದಾಟಿದ ಮೇಲೆ ಚೆಂಡು ನೆಲಕ್ಕೆ ತಾಗಲಿ. ದೂರದವರಿಗೆ ತಲೆಯ ಮೇಲಿಂದ ಎರಡೂ ಕೈಯಲ್ಲಿ ಕೊಡುವ ಪಾಸ್. ಅಮ್ಮಂದಿರೇ, ನಿಮ್ಮಲ್ಲಿ ಎಷ್ಟೋ ಜನ ಊರಿನ ಶಾಲೆಯಲ್ಲಿ ಥ್ರೋಬಾಲ್ ಆಡಿರುತ್ತೀರಿ. ಹಾರಿ ಬರುವ ಚೆಂಡನ್ನು ಗಟ್ಟಿಯಾಗಿ ಹಿಡಿಯುವುದು, ತಡಮಾಡದೆ ಎಸೆಯುವುದು ನಿಮ್ಮ ಕೈಗೆ ಈಗಾಗಲೇ ಗೊತ್ತು. ಮಕ್ಕಳಿಗೆ ಪಾಸ್ ಹಿಡಿಯುವುದನ್ನು ನೀವೇ ಕಲಿಸಬಹುದು.

ಶಾಟ್ ಎಸೆಯುವುದು: ನಾಲ್ಕು ಮಾತು ನೆನಪಿರಲಿ: ಕಾಲು, ಕಣ್ಣು, ಮೊಣಕೈ, ಮಣಿಕಟ್ಟು. ಕಾಲುಗಳು ಭುಜದಷ್ಟು ಅಗಲಕ್ಕೆ, ಮಂಡಿ ಬಗ್ಗಿಸಿ. ಕಣ್ಣು ರಿಂಗಿನ ಮೇಲೆ. ಮೊಣಕೈ ಹೊರಗೆ ಚಾಚದೆ ಚೆಂಡಿನ ಕೆಳಗೆ. ಎಸೆದ ಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿ, ಎತ್ತರದ ಡಬ್ಬಿಯೊಳಗೆ ಕೈ ಹಾಕಿದ ಹಾಗೆ ನಿಲ್ಲಲಿ. ಇನ್ನೊಂದು ಕೈ ಚೆಂಡು ಜಾರದಂತೆ ಪಕ್ಕದಲ್ಲಿ ಆತುಕೊಂಡಿದ್ದರೆ ಸಾಕು. ಚೆಂಡು ಎತ್ತರಕ್ಕೆ ಹೋಗಿ ಇಳಿಯಲಿ. ಯಾಕೆ ಎಂದು ಊಟದ ತಟ್ಟೆಯಿಂದ ತಿಳಿಯಬಹುದು. ಮೇಲಿನಿಂದ ನೋಡಿದರೆ ತಟ್ಟೆ ದುಂಡಗೆ, ಅಗಲವಾಗಿ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬರಿಯ ಗೆರೆ. ರಿಂಗಿನ ಅಗಲ 18 ಅಂಗುಲ, ದೊಡ್ಡವರ ಚೆಂಡಿನದು ಸುಮಾರು ಒಂಬತ್ತೂವರೆ ಅಂಗುಲ. ಮೇಲಿನಿಂದ ಇಳಿಯುವ ಚೆಂಡಿಗೆ ಜಾಗ ಧಾರಾಳ, ಅಡ್ಡಲಾಗಿ ಬರುವ ಚೆಂಡಿಗೆ ತೀರ ಇಕ್ಕಟ್ಟು.

ಲೇ-ಅಪ್: ಓಡಿಬಂದು ಬುಟ್ಟಿಯ ಹತ್ತಿರದಿಂದ ಹಾಕುವ ಶಾಟ್ ಇದು. ಬಲಗಡೆಯಿಂದ ಬಂದರೆ ಬಲ ಹೆಜ್ಜೆ, ಎಡ ಹೆಜ್ಜೆ, ಎಡಗಾಲಿನಿಂದ ಜಿಗಿತ, ಬಲಗೈಯಿಂದ ಚೆಂಡು. ಬೋರ್ಡಿನ ಮೇಲೆ ಬರೆದಿರುವ ಚೌಕದ ಮೇಲ್ಮೂಲೆಗೆ ಮೆಲ್ಲಗೆ ತಾಗಿಸಿದರೆ ಚೆಂಡು ಒಳಗೆ ಬೀಳುತ್ತದೆ. ಮೊದಲು ಓಡದೆ, ನಡೆಯುತ್ತಾ ಅಭ್ಯಾಸ ಮಾಡಿ. ಅಂದಹಾಗೆ, ಬೋರ್ಡ್ ಬಂದದ್ದು ಶಾಟ್‌ಗೆ ಸಹಾಯವಾಗಲೆಂದು ಅಲ್ಲ. ಉಪ್ಪರಿಗೆಯಲ್ಲಿ ಕುಳಿತ ಪ್ರೇಕ್ಷಕರು ಕೈ ಚಾಚಿ ಚೆಂಡನ್ನು ತಳ್ಳುತ್ತಿದ್ದರಂತೆ. ಅದನ್ನು ತಡೆಯಲು ಬುಟ್ಟಿಯ ಹಿಂದೆ ಅಡ್ಡ ಕಟ್ಟಿದರು!

ತಡೆಯುವುದು: ನೀವು ಕಾಯುವ ಆಟಗಾರ ಮತ್ತು ಬುಟ್ಟಿ, ಇವೆರಡರ ನಡುವೆ ನೀವಿರಬೇಕು. ಮಂಡಿ ಬಗ್ಗಿಸಿ, ಕೈ ಅಗಲಿಸಿ, ಏಡಿಯಂತೆ ಪಕ್ಕಕ್ಕೆ ಸರಿಯಿರಿ. ಕಾಲಿಗೆ ಕಾಲು ಅಡ್ಡ ಹಾಕಿದರೆ ಮುಗ್ಗರಿಸುತ್ತೀರಿ. ಅವರ ಕಣ್ಣು, ತಲೆ ನಿಮ್ಮನ್ನು ಮೋಸ ಮಾಡಬಹುದು, ಸೊಂಟ ನೋಡಿ. ಸೊಂಟ ಎತ್ತ ತಿರುಗುತ್ತದೋ ಆಟಗಾರ ಅತ್ತಲೇ ಹೋಗಬೇಕು.

ರೀಬೌಂಡ್: ಶಾಟ್ ತಪ್ಪಿ ಚೆಂಡು ಹಿಂದಕ್ಕೆ ಪುಟಿದಾಗ ಅದನ್ನು ಹಿಡಿಯುವುದು. ಎಲ್ಲರೂ ಬಾಯಿ ತೆರೆದು ಚೆಂಡನ್ನೇ ನೋಡುತ್ತಾರೆ. ನೀವು ಮಾತ್ರ ಮೊದಲು ಎದುರಾಳಿಗೆ ಬೆನ್ನು ಕೊಟ್ಟು, ಅವರನ್ನು ಹಿಂದೆ ಉಳಿಸಿಕೊಂಡು, ಆಮೇಲೆ ಜಿಗಿಯಿರಿ.

ಎತ್ತರ ಇಲ್ಲದಿದ್ದರೆ?

"ನಾವು ಕುಳ್ಳಗಿದ್ದೇವೆ, ನಮಗೆ ಈ ಆಟ ಅಲ್ಲ" ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಎತ್ತರ ಇದ್ದರೆ ಅನುಕೂಲ ನಿಜ. ಆದರೆ ಮಗ್ಸಿ ಬೋಗ್ಸ್ ಎಂಬ ಆಟಗಾರನ ಎತ್ತರ 5 ಅಡಿ 3 ಅಂಗುಲ. ಅವರು ಎನ್‌ಬಿಎಯಲ್ಲಿ 14 ಋತು ಆಡಿದರು. ಚೆಂಡನ್ನು ನೆಲಕ್ಕೆ ಹತ್ತಿರ ಪುಟಿಸುತ್ತಾ ಎತ್ತರದವರ ನಡುವೆ ನುಸುಳುವುದು, ಸರಿಯಾದ ಗೆಳೆಯನಿಗೆ ಪಾಸ್ ಕೊಡುವುದು ಅವರ ಬಲ. ಎತ್ತರದವರು ಚೆಂಡನ್ನು ಸೊಂಟದ ತನಕ ಪುಟಿಸುವಾಗ ಅವರ ಕೈ ಸುಲಭವಾಗಿ ಅಲ್ಲಿಗೆ ಹೋಗುತ್ತಿತ್ತು. ಭಾರತದಲ್ಲೂ ಈ ಆಟ ಬೆಳೆಯುತ್ತಿದೆ. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಭಾರತದ ತಂಡ 'ಬಿ' ವಿಭಾಗದಲ್ಲಿ ಗೆದ್ದು ಮೇಲಿನ ವಿಭಾಗಕ್ಕೆ ಏರಿತು.

ಪೋಷಕರಿಗೆ ನಾಲ್ಕು ಮಾತು

ಪಂದ್ಯಕ್ಕೆ ಹೊರಡುವ ಮೊದಲು ಬಳೆ, ಓಲೆ, ಉಂಗುರ, ಕಡಗ ತೆಗೆದಿಡಿ, ಉಗುರು ಕತ್ತರಿಸಿರಲಿ. ನೆಲದ ಮೇಲೆ ಜಾರದ ಶೂ, ಒಂದು ಬಾಟಲಿ ನೀರು ಸಾಕು.

ಮೆಟ್ಟಿಲ ಮೇಲಿಂದ "ಶೂಟ್ ಮಾಡು, ಶೂಟ್ ಮಾಡು" ಎಂದು ಕೂಗಬೇಡಿ. ಕೋಚ್ "ಪಾಸ್ ಕೊಡು" ಎಂದಿರುತ್ತಾರೆ, ಅಮ್ಮ "ಶೂಟ್" ಎನ್ನುತ್ತಾರೆ. ಮಗು ಯಾರ ಮಾತು ಕೇಳಬೇಕು? ಚೆಂಡು ಕೈಗೆ ಬಂದ ಒಂದೆರಡು ಕ್ಷಣದಲ್ಲಿ ಅದು ತಾನೇ ನೋಡಿ ತೀರ್ಮಾನಿಸುವುದನ್ನು ಕಲಿಯಬೇಕು. ಮನೆಗೆ ಹೋಗುವಾಗ ಕಾರಿನಲ್ಲಿ "ಎಷ್ಟು ಬಾಸ್ಕೆಟ್ ಹಾಕಿದೆ?" ಎಂದು ಮಾತ್ರ ಕೇಳಿದರೆ, ಅಂಕ ಹಾಕದ ದಿನ ತಾನು ಆಡಲೇ ಇಲ್ಲ ಎಂದು ಮಗು ತಿಳಿಯುತ್ತದೆ. "ಯಾರಿಗೆ ಒಳ್ಳೆಯ ಪಾಸ್ ಕೊಟ್ಟೆ? ಯಾರನ್ನು ತಡೆದೆ?" ಎಂದೂ ಕೇಳಿ. ಮಕ್ಕಳ ಪಂದ್ಯಗಳಿಗೆ ಹಲವು ಕಡೆ ರೆಫರಿಗಳೂ ವಿದ್ಯಾರ್ಥಿಗಳೇ ಆಗಿರುತ್ತಾರೆ. ಅವರ ತೀರ್ಪು ತಪ್ಪಿದರೂ ನಾವು ಎದ್ದು ಜಗಳಕ್ಕೆ ನಿಲ್ಲುವುದು ಬೇಡ.

ಈ ತಿಂಗಳ ಆಟ: ಹತ್ತು ಪಾಸ್

ಮಕ್ಕಳೇ, ಇದಕ್ಕೆ ರಿಂಗ್ ಬೇಡ, ಒಂದು ಚೆಂಡು ಮತ್ತು ಆರು ಜನ ಸಾಕು. ಮೂರು ಮೂರು ಜನರ ಎರಡು ತಂಡ ಮಾಡಿಕೊಳ್ಳಿ. ಪುಟಿಸುವಂತಿಲ್ಲ, ಚೆಂಡು ಹಿಡಿದು ಓಡುವಂತಿಲ್ಲ, ಪಿವಟ್ ಮಾಡಿ ತಿರುಗಬಹುದು. ನಡುವೆ ಚೆಂಡು ಕೈತಪ್ಪದೆ, ನಿಮ್ಮ ತಂಡದೊಳಗೆ ಹತ್ತು ಪಾಸ್ ಪೂರೈಸಿದರೆ ಒಂದು ಅಂಕ. ಎದುರು ತಂಡ ಚೆಂಡನ್ನು ಹಿಡಿದರೆ ಅವರ ಎಣಿಕೆ ಒಂದರಿಂದ ಶುರು. ಪಾಸ್ ಕೊಟ್ಟವರು ಪ್ರತಿ ಸಲವೂ ಗಟ್ಟಿಯಾಗಿ ಎಣಿಸಬೇಕು: ಒಂದು, ಎರಡು, ಮೂರು... ಕನ್ನಡದಲ್ಲಿಯೇ! ಇಂಗ್ಲಿಷಿನಲ್ಲಿ ಎಣಿಸಿದರೆ ಆ ಪಾಸ್ ಲೆಕ್ಕಕ್ಕಿಲ್ಲ.

ಆಡುವಾಗ ಕೂಗಲು ಕೆಲವು ಪದಗಳು: ಪುಟಿಸು, ಕೊಡು, ಹಿಡಿ, ತಿರುಗು, ತಡೆ, ಜಿಗಿ, ಎಡಕ್ಕೆ, ಬಲಕ್ಕೆ, ನಾನು ಖಾಲಿ ಇದ್ದೇನೆ! ಈ ಕೊನೆಯ ಮಾತನ್ನು ಚೆನ್ನಾಗಿ ಅಭ್ಯಾಸ ಮಾಡಿ. ಮೂಲೆಯಲ್ಲಿ ಸುಮ್ಮನೆ ನಿಂತವರಿಗೆ ಪಾಸ್ ಬರುವುದಿಲ್ಲ, ಕೂಗಿ ಕೇಳಿದವರಿಗೆ ಬರುತ್ತದೆ. ಮುಂದಿನ ತರಗತಿಗೆ ಬರುವಾಗ ಒಂದು ಚೆಂಡು ತನ್ನಿ. ಬಿಡುವಿನಲ್ಲಿ ಎಲ್ಲರೂ ಸೇರಿ ಹತ್ತು ಪಾಸ್ ಆಡೋಣ. ಅಪ್ಪ ಅಮ್ಮಂದಿರ ತಂಡವೂ ಒಂದಿರಲಿ.